ಸಿನಿಮಾ ವಿಮರ್ಶೆ ಬರೆಯುವುದು ಹೇಗೆ?

ಸಿನಿಮಾ ಮುಗಿದು ಹೊರಬಂದ ಕೂಡಲೇ ಬಾಯಿಗೆ ಬರುವ 'ಚೆನ್ನಾಗಿದೆ', 'ಬೋರು' ಎಂಬ ಮಾತುಗಳು ಅಭಿಪ್ರಾಯಗಳೇ ಹೊರತು ವಿಮರ್ಶೆಯಲ್ಲ. ಆ ಅಭಿಪ್ರಾಯ ತೆರೆಯ ಮೇಲಿನ ಯಾವ ಸಂಗತಿಯಿಂದ ಹುಟ್ಟಿತು ಎಂಬುದನ್ನು ಹುಡುಕಿ, ಓದುವವರಿಗೂ ಅದು ಕಾಣುವಂತೆ ಬರೆಯುವುದೇ ವಿಮರ್ಶಕರ ಕೆಲಸ.

ಸಾಧ್ಯವಾದರೆ ಚಿತ್ರವನ್ನು ಎರಡು ಬಾರಿ ನೋಡಿ. ಮೊದಲ ಸಲ ಕಥೆಯ ಸೆಳೆತಕ್ಕೆ ಸುಮ್ಮನೆ ಒಪ್ಪಿಸಿಕೊಳ್ಳಿ. ಮುಂದೇನಾಗುತ್ತದೆಂದು ಗೊತ್ತಿರುವ ಎರಡನೆಯ ಸಲ ಕ್ಯಾಮೆರಾ ಎಲ್ಲಿ ನಿಂತಿದೆ, ಒಂದು ಶಾಟ್ (ನಡುವೆ ಕತ್ತರಿ ಬೀಳದೆ ಒಂದೇ ಓಟದಲ್ಲಿ ಕಾಣುವ ದೃಶ್ಯದ ತುಣುಕು) ಎಷ್ಟು ಹೊತ್ತು ಉಳಿಯುತ್ತದೆ, ಸಂಗೀತ ಎಲ್ಲಿ ಥಟ್ಟನೆ ನಿಲ್ಲುತ್ತದೆ ಎಂಬುದರತ್ತ ಗಮನ ತಾನಾಗಿಯೇ ಹರಿಯುತ್ತದೆ.

ಉದಾಹರಣೆಗೆ, 1941ರ ಅಮೆರಿಕನ್ ಚಿತ್ರ 'ಸಿಟಿಜನ್ ಕೇನ್'ನಲ್ಲಿ ತಾಯಿಯೊಬ್ಬಳು ಮಗನನ್ನು ಪರರ ಪಾಲನೆಗೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕುತ್ತಾಳೆ. ಅವಳು ಮೇಜಿನ ಮುಂದೆ ನಮಗೆ ಹತ್ತಿರದಲ್ಲಿದ್ದಾಳೆ, ತಂದೆ ತುಸು ಹಿಂದೆ ನಿಂತು ತಕರಾರು ಮಾಡುತ್ತಿದ್ದಾನೆ, ಅವರಿಬ್ಬರ ಹಿಂದೆ, ದೂರದ ಕಿಟಕಿಯಾಚೆ, ಹುಡುಗ ಹಿಮದಲ್ಲಿ ಆಡುತ್ತಿದ್ದಾನೆ. ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಇವರೆಲ್ಲರನ್ನೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಹಿಡಿದಿರುವುದರಿಂದ, ತನ್ನ ಬಾಳಿನ ನಿರ್ಧಾರವಾಗುತ್ತಿರುವುದರ ಅರಿವೇ ಇಲ್ಲದ ಮಗುವಿನ ಆಟ ನಮ್ಮ ಎದೆಯನ್ನು ಹಿಂಡುತ್ತದೆ. ಇಂಥ ಆಳದ ಫೋಕಸ್ ಎಲ್ಲಿ ನೋಡಬೇಕೆಂಬ ಆಯ್ಕೆಯನ್ನು ಪ್ರೇಕ್ಷಕನಿಗೇ ಬಿಡುತ್ತದೆ ಎಂದು ಫ್ರಾನ್ಸಿನ ವಿಮರ್ಶಕ ಆಂದ್ರೆ ಬಜಾನ್ ವಾದಿಸಿದರು. 'ಛಾಯಾಗ್ರಹಣ ಅದ್ಭುತ' ಎಂಬ ಎರಡು ಪದಗಳಲ್ಲಿ ಇದರ ಲವಲೇಶವೂ ಇಲ್ಲ.

ಕಥಾಸಾರಕ್ಕೆ ಮೂರು ನಾಲ್ಕು ವಾಕ್ಯ ಸಾಕು, ಕೊನೆಯ ತಿರುವನ್ನು ಬಿಟ್ಟುಕೊಡಬೇಡಿ. ಚಿತ್ರ ಏನನ್ನು ಸಾಧಿಸಲು ಹೊರಟಿದೆ ಎಂಬುದನ್ನು ಮೊದಲು ಗುರುತಿಸಿ, ಅದನ್ನು ಎಷ್ಟರಮಟ್ಟಿಗೆ ಸಾಧಿಸಿದೆ, ಆ ಉದ್ದೇಶಕ್ಕೇ ಬೆಲೆಯಿದೆಯೇ ಎಂದು ಆಮೇಲೆ ಕೇಳಿ. ಹಾಸ್ಯಚಿತ್ರದಲ್ಲಿ ಗಾಂಭೀರ್ಯ ಸಾಲದೆಂದು ದೂರುವುದು ನನ್ನ ಮಟ್ಟಿಗೆ ಅನ್ಯಾಯ, ಆದರೆ ಅದರ ನಗು ದುರ್ಬಲರ ಅವಮಾನದಿಂದಲೇ ಹುಟ್ಟುತ್ತಿದ್ದರೆ ಹಾಗೆಂದು ನೇರವಾಗಿ ಬರೆಯಲೇಬೇಕು. ಗಳಿಕೆಯ ಲೆಕ್ಕವನ್ನು ಗುಣದ ಅಳತೆಗೋಲು ಮಾಡಿಕೊಳ್ಳಬೇಡಿ. ಚಿತ್ರತಂಡದವರು ಪರಿಚಿತರಾಗಿದ್ದರೆ ಅದನ್ನು ಓದುಗರಿಂದ ಮುಚ್ಚಿಡಬೇಡಿ.

ಕರಡು ಸಿದ್ಧವಾದ ಮೇಲೆ ಪೆನ್ನು ಹಿಡಿದು ಒಂದೊಂದೇ ವಾಕ್ಯವನ್ನು ಓದುತ್ತ ಹೋಗಿ. ಚಿತ್ರದ ಹೆಸರು ಬದಲಿಸಿದರೂ ಹಾಗೆಯೇ ಹೊಂದುವ ವಾಕ್ಯ ಸಿಕ್ಕಿದರೆ ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿದ ಒಂದು ಶಾಟನ್ನು ಕಂಡಂತೆ ಬರೆಯಿರಿ.