ಎರಡನೇ ವಯಲಿನ್, ಕೊನೆಯ ಸಾಲು: ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ನುಡಿಸುವುದು ಹೇಗೆ?

ಮನೆಯಲ್ಲಿ ಒಬ್ಬರೇ ನುಡಿಸುವಾಗ ತಪ್ಪಾದರೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಆರ್ಕೆಸ್ಟ್ರಾ ನಿಮಗಾಗಿ ಕಾಯುವುದಿಲ್ಲ. ನೀವು ತಡವರಿಸುವಷ್ಟರಲ್ಲಿ ಉಳಿದವರೆಲ್ಲ ಎರಡು ಬಾರ್ (ತಾಳದ ಒಂದು ಸುತ್ತಿಗೆ ಒಂದು ಬಾರ್) ಮುಂದೆ ಹೋಗಿರುತ್ತಾರೆ. ಹಾಗಾಗಿ ಹೊಸಬರು ಮೊದಲು ಕಲಿಯಬೇಕಾದದ್ದು ಯಾವ ಸ್ವರವನ್ನು ಬಿಡಬಹುದು ಅನ್ನುವುದನ್ನು.

ಸೇರುವಾಗಲೇ ಎರಡನೇ ವಯಲಿನ್ ಗುಂಪು ಕೇಳಿ. ಮೊದಲ ವಯಲಿನ್‌ಗಳಿಗೆ ರಾಗ ಜಾಸ್ತಿ, ‘ಇ’ ತಂತಿಯ ಮೇಲೆ ಎತ್ತರಕ್ಕೆ ಹತ್ತುವ ಕೆಲಸವೂ ಜಾಸ್ತಿ. ಎರಡನೆಯವರ ಸ್ವರಗಳು ಸಾಮಾನ್ಯವಾಗಿ ಕೆಳಗಿರುತ್ತವೆ, ಬೆರಳು ಅಷ್ಟು ಓಡಾಡಬೇಕಿಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಹಿಡಿದುಕೊಳ್ಳಲು ರಾಗವೇ ಇಲ್ಲದೆ ಬರೀ ಲಯ ಕಾಯುವುದು ಬೇರೆಯದೇ ಕಷ್ಟ.

ಕೂರಲು ಕೊನೆಯ ಸಾಲು ಒಳ್ಳೆಯದು. ಮುಂದಿನವರ ಕಮಾನುಗಳೆಲ್ಲ ಕಾಣುತ್ತವೆ. ಆದರೆ ಅಲ್ಲೊಂದು ಮೋಸವಿದೆ: ಮುಂದಿನ ಸದ್ದು ಹಿಂದಕ್ಕೆ ಬರುವಷ್ಟರಲ್ಲಿ ತುಸು ತಡವಾಗಿರುತ್ತದೆ. ಕಿವಿ ನಂಬಿ ನುಡಿಸಿದರೆ ನೀವು ಇನ್ನಷ್ಟು ತಡ. ಕಣ್ಣನ್ನೇ ನಂಬಿ. ಎದುರು ನಿಂತು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೈ ಮತ್ತು ಮುಂದಿನ ಸಾಲಿನ ಕಮಾನು, ಇವೆರಡನ್ನು ನೋಡುತ್ತಿರಿ.

ನೊಟೇಷನ್ ಹಾಳೆ ಕೈಗೆ ಬಂದ ದಿನ ವಯಲಿನ್ ತೆಗೆಯಬೇಡಿ. ಕೃತಿಯ ರೆಕಾರ್ಡಿಂಗ್ ಹಾಕಿ, ಹಾಳೆಯ ಮೇಲೆ ಬೆರಳಿಟ್ಟು ಕೇಳಿ. ಎಲ್ಲಿ ವೇಗ ಬದಲಾಗುತ್ತದೆ, ಎಲ್ಲಿ ಉದ್ದದ ವಿರಾಮ, ಪುಟ ತಿರುಗಿಸಲು ಎಲ್ಲಿ ಸಮಯ ಇದೆ, ಎಲ್ಲಕ್ಕೂ ಪೆನ್ಸಿಲ್ ಗುರುತು ಹಾಕಿ. ಕಷ್ಟದ ಜಾಗಗಳ ಸುತ್ತ ಚೌಕ ಎಳೆಯಿರಿ. ಆಮೇಲೆ ಆ ಚೌಕಗಳನ್ನಷ್ಟೇ ಅಭ್ಯಾಸ ಮಾಡಿ, ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಅರ್ಧ ವೇಗಕ್ಕೆ ಇಟ್ಟು. ಮೊದಲಿಂದ ಕೊನೆಯವರೆಗೆ ದಿನಾ ಒಮ್ಮೆ ನುಡಿಸಿ ಮುಗಿಸುವವರು ಬರುವ ಜಾಗವನ್ನೇ ಮತ್ತೆ ಮತ್ತೆ ನುಡಿಸಿ ಖುಷಿಪಡುತ್ತಾರೆ, ಬಾರದ್ದು ಹಾಗೇ ಉಳಿಯುತ್ತದೆ.

ಎಷ್ಟು ಉಜ್ಜಿದರೂ ಬಾರದ ಓಟಗಳು ಇದ್ದೇ ಇರುತ್ತವೆ. ನಾಲ್ಕು ನಾಲ್ಕು ಸ್ವರಗಳ ಗುಂಪು ಸರಸರ ಓಡುತ್ತಿದ್ದರೆ ಪ್ರತಿ ಗುಂಪಿನ ಮೊದಲ ಸ್ವರ ಮಾತ್ರ ನುಡಿಸಿ, ಅದನ್ನು ಸರಿಯಾದ ತಾಳಕ್ಕೆ ನುಡಿಸಿ. ಇದು ಕಳ್ಳತನ ಅಂತ ನನಗೆ ಅನ್ನಿಸುವುದಿಲ್ಲ. ನಾಲ್ಕೂ ಸ್ವರ ಕಲಸಿ ಹಾಕುವವರಿಗಿಂತ ಒಂದನ್ನು ನೇರ ನುಡಿಸುವವರು ಗುಂಪಿಗೆ ಜಾಸ್ತಿ ಉಪಯೋಗ. ಅಭ್ಯಾಸ ಆದಂತೆ ಮೂರನೆಯ ಸ್ವರ ಸೇರಿಸಿ, ಆಮೇಲೆ ಉಳಿದವು.

ಕಮಾನಿನ ವಿಷಯದಲ್ಲಿ ಮಾತ್ರ ಇಂಥ ರಿಯಾಯಿತಿ ಇಲ್ಲ. ಹೊಸ್ತಿಲಿಲ್ಲದ ಬಾಗಿಲ ಚೌಕಟ್ಟಿನಂಥ ಗುರುತು ಕಂಡರೆ ಕಮಾನನ್ನು ಹಿಡಿಯಿಂದ ತುದಿಯ ಕಡೆಗೆ ಎಳೆಯಬೇಕು. ‘ವಿ’ ಆಕಾರದ ಗುರುತಿದ್ದರೆ ತುದಿಯಿಂದ ಹಿಡಿಯ ಕಡೆಗೆ. ಯಾವುದು ಎಲ್ಲಿ ಅನ್ನುವುದನ್ನು ಮುಂದಿನ ಸಾಲಿನ ಮುಖ್ಯಸ್ಥರು ತೀರ್ಮಾನಿಸುತ್ತಾರೆ. ಅವರು ರಿಹರ್ಸಲ್‌ನಲ್ಲಿ ಬದಲಿಸಿದರೆ ಮರುಮಾತಿಲ್ಲದೆ ಬರೆದುಕೊಳ್ಳಿ. ಒಂದು ತಪ್ಪು ಸ್ವರ ಗದ್ದಲದಲ್ಲಿ ಮುಳುಗಿಹೋಗಬಹುದು. ಎಲ್ಲರ ಕಮಾನು ಕೆಳಗಿಳಿಯುವಾಗ ನಿಮ್ಮದೊಂದೇ ಮೇಲೇರಿದರೆ ಸಭಾಂಗಣದ ಕೊನೆಯ ಕುರ್ಚಿಯವರಿಗೂ ಕಾಣುತ್ತದೆ. ಪಕ್ಕದವರ ಸದ್ದು ನಿಮಗೆ ಕೇಳದಿದ್ದರೆ ನೀವು ಜೋರಾಗಿ ನುಡಿಸುತ್ತಿದ್ದೀರಿ ಅಂತ ತಿಳಿಯಿರಿ.

ಪಕ್ಕದವರು ಅಂದೆ. ಹಾಳೆ ಇಡಲು ಇಬ್ಬರಿಗೆ ಒಂದೇ ಸ್ಟ್ಯಾಂಡ್. ಕೇಳುಗರಿಗೆ ಹತ್ತಿರ ಕೂತವರು ನುಡಿಸುತ್ತಲೇ ಇರುತ್ತಾರೆ, ಒಳಗಡೆ ಕೂತವರು ಪುಟ ತಿರುಗಿಸುತ್ತಾರೆ. ಸ್ವರಗಳು ಎರಡು ಸಾಲಾಗಿ ಒಡೆದಾಗ ಹೊರಗಿನವರಿಗೆ ಮೇಲಿನ ಸಾಲು, ಒಳಗಿನವರಿಗೆ ಕೆಳಗಿನದು.

ಶ್ರುತಿ ಮಾಡುವಾಗ ಸಾಮಾನ್ಯವಾಗಿ ಓಬೋ ಎಂಬ ಊದುವ ವಾದ್ಯ ‘ಎ’ ಸ್ವರ ಕೊಡುತ್ತದೆ, ಹೆಚ್ಚಿನ ಕಡೆ 440 ಹರ್ಟ್ಸ್. ಮೊದಲು ‘ಎ’ ತಂತಿ ಕೂಡಿಸಿ, ಅದಕ್ಕೆ ಹೊಂದಿಸಿ ‘ಡಿ’, ‘ಜಿ’, ಕೊನೆಗೆ ‘ಇ’. ತಂತಿ ಬಿಗಿಸುವ ಬಿರಡೆ ಜಾರುತ್ತಿದ್ದರೆ ತಿರುಗಿಸುವಾಗಲೇ ಸ್ವಲ್ಪ ಒಳಕ್ಕೆ ಒತ್ತಿ. ಆ ಹೊತ್ತಿನಲ್ಲಿ ಕಷ್ಟದ ತುಣುಕನ್ನು ಜೋರಾಗಿ ನುಡಿಸಿ ತೋರಿಸುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಆ ಒಬ್ಬರು ನೀವಾಗಬೇಡಿ.

ಇನ್ನು ವಿರಾಮಗಳು. ಹೊಸಬರನ್ನು ಬೀಳಿಸುವುದು ಸ್ವರಗಳಿಗಿಂತ ಇವೇ. 24 ಬಾರ್ ಸುಮ್ನೆ ಕೂರಬೇಕಾದರೆ ಹೀಗೆ ಎಣಿಸಿ: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು. ಪ್ರತಿ ಸಾಲಿನ ಮೊದಲ ಅಂಕಿಯೇ ಬಾರ್ ಲೆಕ್ಕ. ಜೊತೆಗೆ ‘ಕೊಳಲು ಮುಗಿದ ಮೇಲೆ’ ಅಂತ ಒಂದು ಸುಳಿವನ್ನೂ ಬರೆದಿಡಿ. ಬೀಥೋವನ್‌ನ ಐದನೇ ಸಿಂಫನಿ ನೋಡಿ. ಎಲ್ಲರಿಗೂ ಗೊತ್ತಿರುವ ಆ ನಾಲ್ಕು ಸ್ವರಗಳಿಗೆ ಮೊದಲು ಒಂದು ಚಿಕ್ಕ ವಿರಾಮವಿದೆ. ಕಂಡಕ್ಟರ್ ಕೈ ಇಳಿದಾಗ ಇನ್ನೂ ಮೌನ, ಸದ್ದು ಅದರ ಬೆನ್ನಿಗೆ. ಕೈ ಇಳಿದ ಕೂಡಲೇ ನುಡಿಸಿದರೆ ಮುಗಿಯಿತು ಕಥೆ. ನಾನೊಮ್ಮೆ ಬೇರೊಂದು ಕೃತಿಯಲ್ಲಿ, ಇಡೀ ಆರ್ಕೆಸ್ಟ್ರಾ ಉಸಿರು ಬಿಗಿಹಿಡಿದಿದ್ದಾಗ ಒಬ್ಬನೇ ನುಡಿಸಿದೆ, ಅದೂ ಪೂರ್ತಿ ಧೈರ್ಯದಿಂದ. ಯಾರೂ ತಿರುಗಿ ನೋಡಲಿಲ್ಲ. ಅದೇ ಜಾಸ್ತಿ ನಾಚಿಕೆಯಾಯಿತು.

ದಾರಿ ತಪ್ಪಿದರೆ ತಂತಿ ಮುಟ್ಟದೆ ಕಮಾನನ್ನು ಎಲ್ಲರ ಜೊತೆ ಆಡಿಸುತ್ತಿರಿ. ಹಾಳೆಯಲ್ಲಿ ಮುಂದಿನ ದಪ್ಪ ಅಕ್ಷರದ ಗುರುತು ಹುಡುಕಿ, ಅಲ್ಲಿಗೆ ಎಲ್ಲರೂ ಬಂದಾಗ ಸೇರಿಕೊಳ್ಳಿ. ಸ್ಟ್ಯಾಂಡ್ ಹಂಚಿಕೊಂಡವರು ಒಳ್ಳೆಯವರಾದರೆ ಬಿಡುವು ಸಿಕ್ಕಾಗ ಕಮಾನಿನ ತುದಿಯಿಂದ ಜಾಗ ತೋರಿಸುತ್ತಾರೆ.

ಕಛೇರಿಯ ದಿನ ಒಂದು ಹೆಚ್ಚುವರಿ ‘ಇ’ ತಂತಿ, ಕಮಾನಿಗೆ ಹಚ್ಚುವ ರಾಳ, ಎರಡು ಮೆತ್ತನೆ ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ ಬೇಡ. ಹಾಳೆಗಳು ಬಾಡಿಗೆಯವಾಗಿದ್ದರೆ, ನೀವು ಬರೆದ ಬಾಣ, ಚೌಕ, ‘ಎಣಿಸು!’ ಎಲ್ಲವನ್ನೂ ಮುಂದಿನ ವಾರ ರಬ್ಬರ್ ಹಿಡಿದು ಅಳಿಸಿ ವಾಪಸ್ ಕೊಡಬೇಕಾಗುತ್ತದೆ.