ಟ್ರಿಪಲ್ ನೆಗೆಟಿವ್ ಅಂತ ಬರೆಯುವ ಮೊದಲು

ರಾಯಚೂರಿನಲ್ಲಿ ಪೆಥಾಲಜಿಸ್ಟ್ ಆಗಿದ್ದೇನೆ. ರೋಗಿಗಳ ಮುಖಕ್ಕಿಂತ ಅವರ ಗಡ್ಡೆಗಳನ್ನೇ ಜಾಸ್ತಿ ನೋಡಿದವನು.

ಒಂದು ಮೇ ತಿಂಗಳಲ್ಲಿ ಸಿಂಧನೂರು ಕಡೆಯಿಂದ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಒಳಗೆ ಸ್ತನದ ಗಡ್ಡೆ. ತಂದವರು ರೋಗಿಯ ತಮ್ಮ. "ಆಪರೇಷನ್ ನಿನ್ನೆ ಸಂಜಿಗೇ ಆಗ್ಯಾದ್ರಿ ಸರ್" ಎಂದರು. ಗಡ್ಡೆ ಮುಳುಗುವಷ್ಟು ಫಾರ್ಮಲಿನ್, ಅಂದರೆ ಅಂಗಾಂಶ ಕೊಳೆಯದಂತೆ ಇಡುವ ದ್ರಾವಣ, ಇರಲಿಲ್ಲ. ಕೊಯ್ದು ನೋಡಿದರೆ ನಡುಭಾಗ ಮೆತ್ತಗಾಗಿತ್ತು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್ ಅಷ್ಟೇ. ಅಲ್ಲಿಯವರೆಗೆ ನಮ್ಮ ಬಿಸಿಲು ಗಡ್ಡೆಯನ್ನು ಕೆಡಿಸದೆ ಬಿಡುತ್ತದಾ?

ಸ್ಲೈಡಿನಲ್ಲಿ ಗ್ರೇಡ್ 3, ಅಂದರೆ ಜೋರಿನ ಕ್ಯಾನ್ಸರ್. ಔಷಧಿಗೆ ಗುರಿಯಾಗುವ ಮೂರು ಪ್ರೋಟೀನುಗಳಿವೆ: ಹಾರ್ಮೋನ್ ಹಿಡಿಯುವ ಇಆರ್, ಪಿಆರ್, ಬೆಳವಣಿಗೆಗೆ ಚುರುಕು ಕೊಡುವ ಹರ್2. ಮೂರೂ ನೆಗೆಟಿವ್, ಇದಕ್ಕೇ ಟ್ರಿಪಲ್ ನೆಗೆಟಿವ್ ಅನ್ನುವುದು. ವರದಿ ಬರೆಯುವುದರಲ್ಲಿದ್ದೆ. ಆಗ ಮೂಲೆಯಲ್ಲಿ ಒಂದು ಆರೋಗ್ಯವಂತ ಹಾಲಿನ ನಾಳ ಕಣ್ಣಿಗೆ ಬಿತ್ತು. ನಾಳಕ್ಕೆ ಎರಡು ಪದರ. ಒಳಗಿನವು ಹಾಲಿಗೆ ಸಂಬಂಧಿಸಿದ ಜೀವಕೋಶಗಳು, ಹೊರಗಿನವು ನಾಳವನ್ನು ಹಿಂಡುವಂಥವು. ಒಳಪದರದಲ್ಲಿ ಅಲ್ಲೊಂದು ಇಲ್ಲೊಂದಾದರೂ ಇಆರ್‌ನ ಕಂದು ಬಣ್ಣ ಹಿಡಿಯಲೇಬೇಕು. ಇಲ್ಲಿ ಒಂದೂ ಹಿಡಿದಿರಲಿಲ್ಲ. ಅಂದರೆ ಪರೀಕ್ಷೆಯೇ ಕೆಟ್ಟಿತ್ತು. ಮೊದಲು ಮಾಡಿದ್ದ ಸೂಜಿ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಚೂರು) ತರಿಸಿ ಮತ್ತೆ ಬಣ್ಣ ಹಾಕಿಸಿದೆ. ಇಆರ್ ಗಟ್ಟಿ ಪಾಸಿಟಿವ್! ಆ ತಾಯಿಗೆ ವರ್ಷಗಟ್ಟಲೆ ಕೆಲಸ ಮಾಡುವ, ಹಾರ್ಮೋನ್ ತಡೆಯುವ ಮಾತ್ರೆ ತಪ್ಪಿಹೋಗುತ್ತಿತ್ತು.

ನಿಜವಾದ ಟ್ರಿಪಲ್ ನೆಗೆಟಿವ್ ಕೂಡ ಬರುತ್ತದೆ. ಮೂವತ್ತರ ಆಸುಪಾಸಿನ ಒಬ್ಬರ ಸ್ಲೈಡಿನಲ್ಲಿ ಪಕ್ಕದ ನಾಳ ಚೆನ್ನಾಗಿ ಬಣ್ಣ ಹಿಡಿದಿತ್ತು, ಗಡ್ಡೆ ಹಿಡಿದಿರಲಿಲ್ಲ. ಒಂದು ಕಡೆ ಕ್ಯಾನ್ಸರ್ ಕೋಶಗಳು ಇನ್ನೂ ನಾಳದೊಳಗೇ ತುಂಬಿಕೊಂಡಿದ್ದವು. ಹೊರಪದರದ ಕೋಶಗಳನ್ನು ಗುರುತಿಸುವ ಪಿ63 ಬಣ್ಣದಲ್ಲಿ ಆ ಪದರ ಬೇಲಿಯ ಹಾಗೆ ಸುತ್ತಲೂ ಕಾಣುತ್ತಿತ್ತು. ಅಲ್ಲೇ ಪಕ್ಕದಲ್ಲಿ ಬೇಲಿ ಇಲ್ಲ, ಕೋಶಗಳು ಕೊಬ್ಬಿನೊಳಗೆ ನುಗ್ಗಿದ್ದವು. ಇಂಥ ಗಡ್ಡೆಗಳಲ್ಲಿ ಹೆಚ್ಚಿನವಕ್ಕೆ ಬೇಸಲ್ ಎಂಬ ಹೆಸರಿದೆ. ಹೊರಪದರದ ಪ್ರೋಟೀನುಗಳನ್ನು ತೋರಿಸುತ್ತವೆ, ಅದಕ್ಕೆ. ನಾನೂ ಮೂಲ ಅಲ್ಲೇ ಅಂದುಕೊಂಡಿದ್ದೆ. ಆದರೆ ಬಿಆರ್‌ಸಿಎ1 ಎಂಬ ಜೀನಿನಲ್ಲಿ ದೋಷವಿರುವ ಹೆಂಗಸರಲ್ಲಿ ಒಳಪದರದ ಎಳೆಯ ಕೋಶಗಳಿಂದಲೇ ಇದು ಹುಟ್ಟುವಂತಿದೆ ಎಂದು ಮೆಲ್ಬರ್ನ್‌ನ ಸಂಶೋಧಕರು 2009ರಲ್ಲಿ ತೋರಿಸಿದರು. ಈ ರೋಗಿಗೂ ಬಿಆರ್‌ಸಿಎ ಪರೀಕ್ಷೆ ಮಾಡಿಸಿ ಅಂತ ಸರ್ಜನ್‌ಗೆ ಹೇಳಿದೆ.

ಈಗ ಅಗಲ ಬಾಯಿಯ ಡಬ್ಬಿಗಳಿಗೆ ನಾವೇ ಫಾರ್ಮಲಿನ್ ತುಂಬಿ ಕಳಿಸುತ್ತೇವೆ. ಗಡ್ಡೆ 1 ಗಂಟೆಯೊಳಗೆ ಅದಕ್ಕೆ ಬೀಳಬೇಕು. ತೆಗೆದ ಹೊತ್ತು ಬರೆಯಲು ಚೀಟಿಯನ್ನೂ ಅಂಟಿಸಿದ್ದೇನೆ. ಮೊನ್ನೆ ಒಂದರಲ್ಲಿ "ಊಟಕ್ಕೆ ಮುಂಚೆ" ಅಂತ ಬರೆದು ಬಂತು. ಫೋನ್ ಮಾಡಿ ಕೇಳಿದೆ, ಎರಡೂಕಾಲಂತೆ.