ಚರ್ಚಿನ ಶಾಂತಿ ಕೆಲಸ ವಾಳೆಯಿಂದ ಶುರುವಾಗಲಿ

ಗಲಭೆ ನಿಂತ ಮೇಲೆ ನಮ್ಮ ಕರಾವಳಿಯಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಮೂರೂ ಧರ್ಮದ ಹಿರಿಯರು ವೇದಿಕೆಗೆ ಬರುತ್ತಾರೆ, ಅಧಿಕಾರಿಗಳು ಮಾತನಾಡುತ್ತಾರೆ. ಏಟು ತಿಂದವರ ಮನೆಯಿಂದ ಹೆಚ್ಚಾಗಿ ಯಾರೂ ಬಂದಿರುವುದಿಲ್ಲ. ಮಂಗಳೂರಿನ ಹೊರವಲಯದ ಒಂದು ಚರ್ಚಿನಲ್ಲಿ ವಾಳೆಯ, ಅಂದರೆ ಚರ್ಚಿಗೆ ಸೇರಿದ ನೆರೆಹೊರೆ ಮನೆಗಳ ಒಂದು ಗುಂಪಿನ, ಗುರಿಕಾರನಾಗಿ (ಮುಖಂಡನಾಗಿ) ನಾನು ಕಂಡುಕೊಂಡದ್ದೆಂದರೆ, ಅವರ ಮನೆಗೆ ನಾವೇ ಹೋಗಬೇಕು. ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರ ಮಗ ಗಲ್ಫಿನಲ್ಲಿದ್ದಾನೆ, ಯಾರ ಬಾವಿಯಿಂದ ನೆರೆಕರೆಯವರು ನೀರು ಒಯ್ಯುತ್ತಾರೆ ಎಂಬುದೆಲ್ಲ ಗುರಿಕಾರನಿಗೆ ಗೊತ್ತಿರುತ್ತದೆ. ಚರ್ಚಿನ ದೊಡ್ಡ ಬಲ ಇದೇ.

ಪೆಟ್ಟು ನಮಗೂ ಬಿದ್ದಿದೆ. 2008ರಲ್ಲಿ ತೆನೆ ಹಬ್ಬ ಕಳೆದು ಆರು ದಿನಕ್ಕೆ, ಸೆಪ್ಟೆಂಬರ್ 14ರ ಭಾನುವಾರ, ನಗರದ ಅಡೋರೇಶನ್ ಮಠದ ಪ್ರಾರ್ಥನಾಲಯಕ್ಕೆ ನುಗ್ಗಿ ಶಿಲುಬೆ ಒಡೆದರು. ಪ್ರತಿಭಟಿಸಿದವರ ಮೇಲೆ ಲಾಠಿ ಬೀಸಲಾಯಿತು. ಆಗ ‘ಕ್ಷಮಿಸಿಬಿಡಿ’ ಎಂಬ ಉಪದೇಶ ಕೇಳಿ ನಮ್ಮವರು ಇನ್ನಷ್ಟು ಕುಗ್ಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ನೊಂದವರು ತಮ್ಮ ಮಾತು ಮುಗಿಸುವ ಮೊದಲೇ ಅವರಿಂದ ಕ್ಷಮೆಯನ್ನು ನಿರೀಕ್ಷಿಸುವುದು ಅನ್ಯಾಯ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳ ವಿಚಾರಣೆಯನ್ನು 1996ರಲ್ಲಿ ಆರಂಭಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗಕ್ಕೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರಾಗಿದ್ದರು. ಜೀವನವಿಡೀ ಕ್ಷಮೆಯನ್ನು ಬೋಧಿಸಿದ ಅವರ ಆಯೋಗದಲ್ಲೂ ರಾಜಕೀಯ ಅಪರಾಧಕ್ಕೆ ಕ್ಷಮಾದಾನ ಸಿಗಬೇಕಾದರೆ ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕಿತ್ತು. ಸತ್ಯ ಮೊದಲು, ಕ್ಷಮೆ ಆಮೇಲೆ ಎಂಬ ಈ ಕ್ರಮವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಕೆಲವು ವರ್ಷಗಳ ನಂತರ ನಮ್ಮ ನೆರೆಕರೆಯಲ್ಲೇ ಹಿಂದೂ ಮತ್ತು ಬ್ಯಾರಿ ಮುಸ್ಲಿಂ ಯುವಕರ ನಡುವೆ ಹೊಡೆದಾಟವಾಗಿ ಅಂಗಡಿಗಳು ಸುಟ್ಟವು. ಆ ಜಗಳದಲ್ಲಿ ನಾವು ಯಾವ ಕಡೆಯವರೂ ಅಲ್ಲದ್ದರಿಂದ ಎರಡೂ ಕಡೆಯ ಬಾಗಿಲು ನಮಗೆ ತೆರೆದಿತ್ತು. ಒಬ್ಬ ಗುರಿಕಾರ, ಸ್ತ್ರೀ ಸಂಘಟನೆಯ ಒಬ್ಬ ಅಕ್ಕ, ಹೀಗೆ ಜೋಡಿಯಾಗಿ ಹೊರಟೆವು. ಮಾತು ತುಳುವಿನಲ್ಲಿ. ಯಾರು ಹೊಡೆದರು ಎಂದು ಕೇಳಲಿಲ್ಲ. ಏನು ಹೋಯಿತು, ನಾಳೆಗೆ ಏನು ಬೇಕು ಎಂದಷ್ಟೇ ಕೇಳಿದೆವು. ಮುಗಿದುಹೋದ ಬಿಪಿ ಮಾತ್ರೆ, ಶಾಲೆಗೆ ಹೋಗಲು ಹೆದರುವ ಮಗು, ಸಂಘದ ಸಾಲದ ಕಂತು ಎಲ್ಲವೂ ಹೊರಬಂದವು.

ಹೆಂಗಸರು ಎಲ್ಲಕ್ಕಿಂತ ಮೊದಲು ಹೇಳಿದ್ದು ಬೀಡಿಯ ವಿಷಯ. ಮನೆಯಲ್ಲಿ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ, ಅಂದರೆ ಬೀಡಿ ಸಂಗ್ರಹಿಸುವ ಕೇಂದ್ರಕ್ಕೆ, ಒಪ್ಪಿಸಿದರೆ ತಾನೇ ಮುಂದಿನ ಎಲೆ, ತಂಬಾಕು ಸಿಗುವುದು, ಮಜೂರಿ ಕೈಸೇರುವುದು? ಬ್ರಾಂಚ್ ಇದ್ದದ್ದು ಒಂದು ಕಡೆಯವರ ಕೇರಿಯಲ್ಲಿ. ಇನ್ನೊಂದು ಕಡೆಯವರಿಗೆ ಅಲ್ಲಿ ಕಾಲಿಡಲು ಭಯ. ನಮ್ಮ ಅಕ್ಕಂದಿರು ತಮ್ಮ ಬೀಡಿಯನ್ನೂ ಹಿಡಿದು ಅವರ ಜೊತೆ ನಡೆದರು. ಮೊದಲ ಸಲ ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲವಂತೆ. ಆಮೇಲೆ, ಸರಿಯಿಲ್ಲವೆಂದು ಬ್ರಾಂಚಿನಲ್ಲಿ ತೆಗೆದುಹಾಕಿದ ಬೀಡಿಯ ಲೆಕ್ಕದಿಂದ ಮಾತು ಶುರುವಾಯಿತು. ಆ ನಷ್ಟ ಎಲ್ಲರಿಗೂ ಒಂದೇ ಆಗಿತ್ತು.

ಹೊಟ್ಟೆಪಾಡಿನ ದಾರಿ ತೆರೆಯದೆ ಮನಸ್ಸು ತೆರೆಯುವುದಿಲ್ಲ. ಮೊಜಾಂಬಿಕ್‌ನ ಅಂತರ್ಯುದ್ಧ 1992ರ ಅಕ್ಟೋಬರ್ 4ರಂದು ರೋಮ್ ಒಪ್ಪಂದದೊಂದಿಗೆ ಮುಗಿಯಿತು. ಅದರ ಮಧ್ಯಸ್ಥಿಕೆ ವಹಿಸಿದ್ದು ಸಂತ್ ಎಜಿದಿಯೋ ಎಂಬ ಕ್ಯಾಥೋಲಿಕ್ ಸಮುದಾಯ. ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಒಪ್ಪಂದದ ನಂತರದ ಕೆಲಸ: 1995ರಿಂದ ಅಲ್ಲಿನ ಕ್ರೈಸ್ತ ಪರಿಷತ್ತು ಬಂದೂಕು ತಂದೊಪ್ಪಿಸಿದವರಿಗೆ ಸೈಕಲ್, ಹೊಲಿಗೆ ಯಂತ್ರ, ಗುದ್ದಲಿಗಳನ್ನು ಕೊಟ್ಟಿತು.

ವದಂತಿಯ ವಿಷಯವನ್ನೂ ಹೇಳಬೇಕು. ಮಸೀದಿ ಕಮಿಟಿಯ ಒಬ್ಬರು, ಭಜನಾ ಮಂದಿರದ ಒಬ್ಬರು, ಚರ್ಚಿನಿಂದ ನಾನು, ಎಷ್ಟು ಹೊತ್ತಿಗೆ ಕರೆ ಬಂದರೂ ಎತ್ತುತ್ತೇವೆ ಎಂದು ಮಾತು ಕೊಟ್ಟುಕೊಂಡೆವು. ಕೇಳಿದ ಸುದ್ದಿಯನ್ನು ಮೊದಲು ಈ ಮೂವರಲ್ಲಿ ಪರೀಕ್ಷಿಸುತ್ತೇವೆ. ನಮ್ಮ ವಾಳೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೊಬ್ಬರನ್ನು ಹೀಗಳೆಯುವ ಸಂದೇಶ ಬಂದರೆ ಹಾಕಿದವರ ಮನೆಗೇ ಹೋಗಿ ಮಾತನಾಡುತ್ತೇನೆ. ಚರ್ಚ್ ಎಂದ ಮಾತ್ರಕ್ಕೆ ಅಲ್ಲಿ ಶಾಂತಿ ಇರುವುದಿಲ್ಲ. 1994ರ ನರಮೇಧದಲ್ಲಿ ರುವಾಂಡಾದ ಜನ ಚರ್ಚುಗಳೊಳಗೇ ಹತರಾದರು, ಅದರಲ್ಲಿ ಚರ್ಚಿನವರು ಮಾಡಿದ ಪಾಪಕ್ಕಾಗಿ 2017ರಲ್ಲಿ ಪೋಪ್ ಫ್ರಾನ್ಸಿಸ್ ದೇವರಲ್ಲಿ ಕ್ಷಮೆ ಬೇಡಿದರು.

ರಾಜಿಯ ಹೆಸರಿನಲ್ಲಿ ದೂರು ಹಿಂತೆಗೆಸುವ ಮಾತು ಬಂದಾಗ ನಾನು ಒಪ್ಪಲಿಲ್ಲ. ಹಿಂತೆಗೆಯುವುದೂ ಬಿಡುವುದೂ ಅಂಗಡಿ ಕಳೆದುಕೊಂಡವರ ಇಷ್ಟ. ಅವರು ಮುಂದುವರಿಸಿದ್ದಾರೆ. ಸಾಕ್ಷಿ ಹೇಳುವ ದಿನ ಕೋರ್ಟಿಗೆ ಒಂಟಿಯಾಗಿ ಹೋಗಬಾರದೆಂದು ಪ್ರತಿ ದಿನಾಂಕಕ್ಕೂ ವಾಳೆಯಿಂದ ಒಬ್ಬರು ಅವರ ಜೊತೆ ಬಸ್ ಹತ್ತುತ್ತೇವೆ.